ಗಿಟಾರ್ ಪ್ರಶ್ನೋತ್ತರ: ಸೆವೆಂತ್ ಹಿಡಿದ ಮೇಲೆ ಎಲ್ಲಿಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡಾಮಿನೆಂಟ್ ಸೆವೆಂತ್ ಕಾರ್ಡ್‌ಗಳ (ಕಾರ್ಡ್ ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಸುತ್ತಲೇ ಇವೆ. ಉಳಿದವು ಮುಂದಿನ ಸಂಚಿಕೆಗೆ. ಕಾರ್ಡ್‌ಗಳನ್ನು ದಪ್ಪ ತಂತಿಯಿಂದ (6ನೆಯದು) ತೆಳು ತಂತಿಯ ಕಡೆಗೆ (1ನೆಯದು) ಬರೆದಿದ್ದೇವೆ. ಅಂಕಿ ಎಂದರೆ ಒತ್ತಬೇಕಾದ ಫ್ರೆಟ್ (ಗಿಟಾರ್ ಕತ್ತಿನ ಅಡ್ಡ ಸರಿಗೆಗಳ ನಡುವಿನ ಜಾಗ), 0 ಎಂದರೆ ಒತ್ತದೆ ಮೀಟುವ ತಂತಿ, × ಎಂದರೆ ಮೀಟಬಾರದ ತಂತಿ.

ಪ್ರ: ಜಿ, ಸಿ, ಡಿ, ಇ ಮೈನರ್, ಎ ಮೈನರ್ ಕೈಗೆ ಕುಳಿತಿವೆ. ಚಾರ್ಟ್‌ನಲ್ಲಿ ಡಿ7, ಜಿ7 ಎಂದು ಬಂದರೆ ಬರೀ ಡಿ, ಜಿ ಬಾರಿಸಿ ಮುಂದೆ ಹೋಗುತ್ತೇನೆ. ಅದರಿಂದ ನಷ್ಟವೇನು? ಕಲಿಯುವುದಾದರೆ ಯಾವುದರಿಂದ ಶುರು ಮಾಡಲಿ?
— ಪದವಿ ವಿದ್ಯಾರ್ಥಿ, ಕುಮಟಾ

ಉ: ಹಾಡೇನೂ ಕೆಡುವುದಿಲ್ಲ. ಜಿ7 ಇದ್ದಲ್ಲಿ ಜಿ ಬಾರಿಸಿದರೆ ತಪ್ಪು ಸ್ವರ ಬರುವುದಿಲ್ಲ, ಸೆಳೆತ ಮಾತ್ರ ಕಡಿಮೆಯಾಗುತ್ತದೆ. ಆ ಸೆಳೆತ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಕಲಿಕೆಯ ಕ್ರಮವೂ ತಾನಾಗಿ ಸಿಗುತ್ತದೆ.

ಮೂಲಸ್ವರದಿಂದ 4, 7 ಮತ್ತು 10 ಫ್ರೆಟ್ ಮೇಲಿನ ಸ್ವರಗಳು ಸೇರಿದರೆ ಡಾಮಿನೆಂಟ್ ಸೆವೆಂತ್. ನಮ್ಮ ಲೆಕ್ಕದಲ್ಲಿ ಸ, ಶುದ್ಧ ಗ, ಪ, ಕೋಮಲ ನಿ. ಮೊದಲ ಮೂರು ಸಾಮಾನ್ಯ ಮೇಜರ್ ಕಾರ್ಡ್, ನಾಲ್ಕನೆಯದೇ ಹೊಸಬ. ಜಿ7 ಅಂದರೆ ಜಿ, ಬಿ, ಡಿ, ಎಫ್. ಇದರಲ್ಲಿ ಬಿ ಮತ್ತು ಎಫ್ ನಡುವೆ 6 ಫ್ರೆಟ್ ಅಂತರ. ಷಡ್ಜಕ್ಕೂ ತೀವ್ರ ಮಧ್ಯಮಕ್ಕೂ ಇರುವಷ್ಟೇ. ಈ ಜೋಡಿ ನಿಂತಲ್ಲಿ ನಿಲ್ಲುವುದಿಲ್ಲ. ಬಿ ಒಂದು ಫ್ರೆಟ್ ಏರಿ ಸಿ ಆಗಲು ನೋಡುತ್ತದೆ, ಎಫ್ ಒಂದು ಫ್ರೆಟ್ ಇಳಿದು ಇ ಆಗಲು ನೋಡುತ್ತದೆ. ಸಿ ಮತ್ತು ಇ ಎರಡೂ ಸಿ ಕಾರ್ಡ್‌ನಲ್ಲಿವೆ. ಜಿ7 ಕೇಳಿದ ಕಿವಿ ಸಿ ಬರಲೆಂದು ಕಾಯುವುದು ಇದಕ್ಕೇ.

ಗಿಟಾರ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜಿ7 ಹಿಡಿಯಿರಿ: 3-2-0-0-0-1. ತೋರುಬೆರಳು 1ನೇ ತಂತಿಯ 1ನೇ ಫ್ರೆಟ್‌ನಲ್ಲಿದೆ, ಅದೇ ಎಫ್. ಆ ಬೆರಳನ್ನು ಎತ್ತಿ 2ನೇ ತಂತಿಯ 1ನೇ ಫ್ರೆಟ್‌ಗೆ ಇಡಿ. 1ನೇ ತಂತಿ ಖಾಲಿಯಾಗಿ ಇ ಆಯಿತು, 2ನೆಯದು ಬಿ ಇದ್ದದ್ದು ಸಿ ಆಯಿತು. ಒಂದೇ ಬೆರಳಿನ ಒಂದೇ ಹೆಜ್ಜೆಯಲ್ಲಿ ಎರಡೂ ಸ್ವರ ಮನೆ ಸೇರಿದವು. ಉಂಗುರಬೆರಳು, ನಡುಬೆರಳು ತಲಾ ಒಂದು ತಂತಿ ತೆಳು ಬದಿಗೆ ಸರಿದರೆ ಸಿ ಕಾರ್ಡ್ ಪೂರ್ತಿ.

ಆದ್ದರಿಂದ ಏಳು ಸೆವೆಂತ್‌ಗಳ ಪಟ್ಟಿ ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಬೇಡಿ. ಪ್ರತಿಯೊಂದನ್ನೂ ಅದು ಹೋಗಿ ಸೇರುವ ಕಾರ್ಡ್‌ನ ಜೊತೆಗೇ ಕಲಿಯಿರಿ. ಕೈಗೆ ಸುಲಭವಾದ ಕ್ರಮ ಇದು: ಇ7 (0-2-0-1-0-0) ನಂತರ ಎ ಮೈನರ್, ಎ7 (×-0-2-0-2-0) ನಂತರ ಡಿ, ಡಿ7 (×-×-0-2-1-2) ನಂತರ ಜಿ, ಜಿ7 ನಂತರ ಸಿ. ಬಿ7 ಮತ್ತು ಸಿ7 ಆಮೇಲೆ. ಇ ಕಾರ್ಡ್‌ನಿಂದ ಉಂಗುರಬೆರಳು ಎತ್ತಿದರೆ ಇ7. ಎ ಕಾರ್ಡ್‌ನಲ್ಲಿ 3ನೇ ತಂತಿಯ ಬೆರಳು ಎತ್ತಿದರೆ ಎ7. ಡಿ7 ಮಾತ್ರ ಹಾಗಲ್ಲ. ಡಿ ಕಾರ್ಡ್‌ನ ತ್ರಿಕೋನ ಪೂರ್ತಿ ತಿರುಗಿ ನಿಲ್ಲುತ್ತದೆ, ಯಾವ ಬೆರಳೂ ತನ್ನ ಜಾಗದಲ್ಲಿ ಉಳಿಯುವುದಿಲ್ಲ. ಅದಕ್ಕೆ ಹೆಚ್ಚು ಸಮಯ ಕೊಡಿ.

ಮೆಟ್ರೋನೋಮ್ 60ಕ್ಕೆ ಇಟ್ಟು ನಾಲ್ಕು ಮಾತ್ರೆ ಸೆವೆಂತ್, ನಾಲ್ಕು ಮಾತ್ರೆ ಮನೆಯ ಕಾರ್ಡ್. ತಂತಿ ಕರಕರ ಎನ್ನದೆ ಸಲೀಸಾಗಿ ಬಂದರೆ ಅದೇ ವೇಗದಲ್ಲಿ ಎರಡೆರಡು ಮಾತ್ರೆಗೆ ಬದಲಿಸಿ. ಮೊದಲೇ 90ಕ್ಕೆ ಹೋಗಿ ಅರ್ಧ ಸತ್ತ ಕಾರ್ಡ್ ಬಾರಿಸುವವರೇ ಹೆಚ್ಚು. ಕೈ ಆ ಅರ್ಧವನ್ನೇ ಕಲಿತುಬಿಡುತ್ತದೆ.

ಪ್ರ: ಜಿ7 ಮತ್ತು ಜಿ ಮೇಜರ್ 7 ಒಂದೇ ಅಲ್ಲವೇ?
— ಓದುಗರು, ಗೋಕರ್ಣ

ಉ: ಅಲ್ಲ. ಜಿ7ರಲ್ಲಿ ಕೋಮಲ ನಿ (ಎಫ್), ಜಿ ಮೇಜರ್ 7ರಲ್ಲಿ ಶುದ್ಧ ನಿ (ಎಫ್ ಶಾರ್ಪ್). 3-2-0-0-0-1ರ ಬದಲು 3-2-0-0-0-2 ಬಾರಿಸಿ ನೋಡಿ. ಮೊದಲನೆಯದು ಹೊರಡಲು ತುದಿಗಾಲಲ್ಲಿ ನಿಂತಿರುತ್ತದೆ, ಎರಡನೆಯದು ಇದ್ದಲ್ಲೇ ಆರಾಮಾಗಿರುತ್ತದೆ. ಒಂದರ ಬದಲು ಇನ್ನೊಂದು ನಡೆಯದು.

ಪ್ರ: ನಾನು ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಮನೆಯ ಭಜನೆಗೆ ತಮ್ಮ ಗಿಟಾರ್ ಹಿಡಿಯುತ್ತಾನೆ. ಅವನು ಸೆವೆಂತ್ ಹಾಕಿದರೆ ಕೆಲವು ಹಾಡಿಗೆ ಸೊಗಸಾಗಿ ಹೊಂದುತ್ತದೆ, ಕೆಲವಕ್ಕೆ ಕಿವಿಗೆ ಚುಚ್ಚುತ್ತದೆ. ರಾಗ ನೋಡಿ ಮೊದಲೇ ಹೇಳಲು ಬರುತ್ತದೆಯೇ? ನನ್ನ ಶ್ರುತಿ ಕಪ್ಪು ಎರಡು.
— ಸಂಗೀತ ವಿದ್ಯಾರ್ಥಿನಿ, ಶಿರಸಿ

ಉ: ಖಂಡಿತ ಬರುತ್ತದೆ. ಲೆಕ್ಕಕ್ಕೆ ಸಿ ಅನ್ನು ಷಡ್ಜ ಎಂದಿಟ್ಟುಕೊಳ್ಳೋಣ. ಆಗ ಜಿ7ರ ನಾಲ್ಕು ಸ್ವರಗಳು ಪ, ಶುದ್ಧ ನಿ, ಶುದ್ಧ ರೆ, ಶುದ್ಧ ಮ. ರಾಗದಲ್ಲಿ ಈ ನಾಲ್ಕೂ ಇದ್ದರೆ ಜಿ7 ನಿಶ್ಚಿಂತೆ. ಒಂದು ಇಲ್ಲದಿದ್ದರೂ ತಮ್ಮನ ಕೈ ತಡೆಯಬೇಕು.

ಬಿಲಾವಲ್ ಥಾಟಿನ ಹಾಡುಗಳಿಗೆ ತೊಂದರೆ ಕಡಿಮೆ. ಆದರೆ ಭೂಪಾಲಿಯನ್ನು ನೋಡಿ: ಸ ರೆ ಗ ಪ ಧ. ಮ, ನಿ ಎರಡೂ ವರ್ಜ್ಯ. ಜಿ7 ಬಾರಿಸಿದ ಕ್ಷಣ ಆ ಎರಡೂ ಒಳಗೆ ಬರುತ್ತವೆ. ನೀವು ಎಷ್ಟೇ ಶುದ್ಧವಾಗಿ ಹಾಡಿದರೂ ಹಿಂದೆ ಬೇರೆ ರಾಗ ಕೇಳುತ್ತಿರುತ್ತದೆ. ಅಲ್ಲಿ ಸಿ, ಎ ಮೈನರ್ (ಸ, ಗ, ಧ) ಸಾಕು. ಪಂಚಮದ ಕಾರ್ಡ್ ಬೇಕೇ ಬೇಕೆನಿಸಿದರೆ 3-×-0-0-3-3 ಹಿಡಿಯಲಿ. ಇದರಲ್ಲಿ ಪ ಮತ್ತು ರೆ ಬಿಟ್ಟರೆ ಬೇರೆ ಸ್ವರವಿಲ್ಲ. 5ನೇ ತಂತಿಯನ್ನು 6ನೆಯದರ ಮೇಲಿರುವ ಬೆರಳಿನ ಮೈಯಿಂದಲೇ ಮುಟ್ಟಿ ಸುಮ್ಮನಾಗಿಸಬೇಕು. ದುರ್ಗಾದಲ್ಲೂ ಪಂಚಮದ ಕಾರ್ಡ್‌ಗೆ ಇದೇ ಉಪಾಯ.

ಯಮನ್‌ನಲ್ಲಿ ತೀವ್ರ ಮ; ಜಿ7ರ ಶುದ್ಧ ಮ ಅದಕ್ಕೆ ನೇರ ಎದುರಾಳಿ. ಸೆವೆಂತ್ ಬಿಟ್ಟು ಬರೀ ಜಿ ಬಾರಿಸಿದರೆ ಪ, ನಿ, ರೆ ಮಾತ್ರ, ಮೂರೂ ಯಮನ್‌ನವೇ. ಡಿ7ರಲ್ಲಿ (ರೆ, ತೀವ್ರ ಮ, ಧ, ಸ) ತೀವ್ರ ಮ ಸಿಗುತ್ತದೆ ನಿಜ, ಆದರೆ ಅದು ಕಿವಿಯನ್ನು ಪಂಚಮಕ್ಕೆ ಎಳೆದೊಯ್ಯುತ್ತದೆ. ಸಾಲು ಪಂಚಮದಲ್ಲಿ ನಿಲ್ಲುವ ಕಡೆ ಮಾತ್ರ ಹಾಕಬಹುದು.

ಖಮಾಜ್ ಸ್ವಲ್ಪ ಮೋಸದ ಜಾಗ. ಸಿ7ರ ಸ, ಗ, ಪ, ಕೋಮಲ ನಿ ಎಲ್ಲವೂ ಆ ರಾಗದಲ್ಲಿವೆ, ಹಾಗಾಗಿ ಗಿಟಾರ್‌ನವರಿಗೆ ಖುಷಿ. ಆದರೆ ಸಿ7 ಹಿಡಿದು ಕುಳಿತರೆ ಅದರ ಸೆಳೆತ ಎಫ್ ಕಡೆಗೆ, ಅಂದರೆ ಮಧ್ಯಮಕ್ಕೆ. ನಾಲ್ಕು ಆವರ್ತನ ಹಾಗೇ ನಡೆದರೆ ಕೇಳುವವರಿಗೆ ಮಧ್ಯಮವೇ ಷಡ್ಜ, ನಿಮ್ಮ ಷಡ್ಜ ಪಂಚಮ ಅನ್ನಿಸತೊಡಗುತ್ತದೆ. ಸಿ7 ಅರ್ಧ ಆವರ್ತನ, ಕೂಡಲೇ ಎಫ್, ಮತ್ತೆ ಬರೀ ಸಿ. ಹೀಗೆ ಬಂದುಹೋದರೆ ಚೆಂದ. ದೇಸ್‌ನಲ್ಲಿ ಏರುವಾಗ ‘ಮ ಪ ನಿ ಸಾ’ ಇರುವಲ್ಲಿ ಜಿ7ನಿಂದ ಸಿ ಬಹಳ ಹೊಂದುತ್ತದೆ. ಇಳಿಯುವಾಗ ಕೋಮಲ ನಿ ಬರುವುದರಿಂದ ಅಲ್ಲಿ ಜಿ7 ಬೇಡ.

ಭೈರವಿಗೆ ಪಂಚಮದ ಸೆವೆಂತ್ ಬೇಡವೇ ಬೇಡ. ಅದರ ನಿ ಮತ್ತು ರೆ ಎರಡೂ ಶುದ್ಧ, ರಾಗದವು ಎರಡೂ ಕೋಮಲ. ಭಜನೆಗಳಲ್ಲಿ ಒಮ್ಮೊಮ್ಮೆ ಶುದ್ಧ ರೆ ಸುಳಿಯುವುದುಂಟು, ಅದು ಗಾಯಕರ ಸ್ವಾತಂತ್ರ್ಯ. ಗಿಟಾರ್ ಅದನ್ನು ಮುಂದಾಗಿ ಸಾರಬಾರದು. ಭೈರವಿಗೆ ಇ ಷಡ್ಜವಾದರೆ ಕೈಗೆ ಸುಲಭ: ಇ ಮೈನರ್, ಎಫ್, ಎ ಮೈನರ್, ಡಿ ಮೈನರ್. ಮುಕ್ತಾಯಕ್ಕೆ ಡಿ ಮೈನರ್‌ನಿಂದ ಅಥವಾ ಎಫ್‌ನಿಂದ ಇ ಮೈನರ್.

ಇನ್ನು ನಿಮ್ಮ ಶ್ರುತಿ. ಕಪ್ಪು ಎರಡು ಎಂದರೆ ಡಿ ಶಾರ್ಪ್. ಕೇಪೋ (ಆರೂ ತಂತಿಗಳನ್ನು ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) 3ನೇ ಫ್ರೆಟ್‌ಗೆ ಹಾಕಿ ಸಿ, ಜಿ7 ಹಿಡಿದರೆ ಮೇಲಿನ ಲೆಕ್ಕವೆಲ್ಲ ಹಾಗೆಯೇ ಕೂಡುತ್ತದೆ. 1ನೇ ಫ್ರೆಟ್‌ಗೆ ಹಾಕಿ ಡಿ, ಎ7 ಹಿಡಿದರೂ ಆದೀತು, ನಾದ ತುಂಬಿರುತ್ತದೆ. ಭೈರವಿಗೆ ಕೇಪೋ ಬೇಡ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ಇ ಮೈನರ್ ಹಿಡಿತವೇ ಡಿ ಶಾರ್ಪ್‌ನಲ್ಲಿ ಕೇಳುತ್ತದೆ. ಇನ್ನೊಂದು ಮಾತು: ಶ್ರುತಿಪೆಟ್ಟಿಗೆಯ ಷಡ್ಜ ಜೋರಾಗಿ ನಡೆಯುತ್ತಿರುವಾಗ ಜಿ7ರ ನಿಷಾದ ಅದಕ್ಕೆ ತಿಕ್ಕುತ್ತದೆ. ಕಾರ್ಡ್ ಬೇಕಿದ್ದರೆ ಪೆಟ್ಟಿಗೆಯ ಸದ್ದು ತಗ್ಗಿಸಿ.

ಪ್ರ: ನಮ್ಮ ಇಗರ್ಜಿಯ ಗಾಯನ ತಂಡದಲ್ಲಿ ಕೀಬೋರ್ಡ್‌ನವರು ಹೆಚ್ಚಾಗಿ ಎಫ್‌ನಲ್ಲೇ ಬಾರಿಸುತ್ತಾರೆ. ಎಫ್, ಬಿ ಫ್ಲಾಟ್, ಸಿ7 ಹಿಡಿಯುವುದರಲ್ಲೇ ಕೈ ಸೋಲುತ್ತದೆ. ಸಿ ಬಂದಲ್ಲೆಲ್ಲ ಸಿ7 ಹಾಕಬಹುದೇ?
— ಗಾಯನ ತಂಡದ ಗಿಟಾರ್ ವಾದಕ, ಕಾರವಾರ

ಉ: ಕೇಪೋ 3ನೇ ಫ್ರೆಟ್‌ಗೆ ಹಾಕಿ. ಡಿ ಹಿಡಿದರೆ ಎಫ್, ಜಿ ಹಿಡಿದರೆ ಬಿ ಫ್ಲಾಟ್, ಎ7 ಹಿಡಿದರೆ ಸಿ7. ಬಾರ್ ಕಾರ್ಡ್‌ನ (ತೋರುಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿ ಒತ್ತುವ ಹಿಡಿತ) ಗೊಡವೆಯೇ ಇಲ್ಲ.

ಸಿ ಬಂದಲ್ಲೆಲ್ಲ ಸಿ7 ಬೇಡ. ಸಿ7ರ ಹೊಸ ಸ್ವರ ಬಿ ಫ್ಲಾಟ್. ಅದು ಎಫ್ ಕಾರ್ಡ್‌ನ ಎ ಸ್ವರಕ್ಕೆ ಇಳಿಯಬೇಕು. ನಾಲ್ಕು ಧ್ವನಿಯ ಸ್ವರಲಿಪಿ ಇದ್ದರೆ ಆ ಜಾಗದಲ್ಲಿ ಯಾವುದಾದರೂ ಧ್ವನಿ ಬಿ ಫ್ಲಾಟ್ ಹಾಡುತ್ತಿದೆಯೇ ನೋಡಿ. ಹಾಡುತ್ತಿದ್ದರೆ ಸಿ7. ರಾಗದ ಸಾಲು ಅಲ್ಲಿ ಎ ಸ್ವರದ ಮೇಲೆ ಎಳೆದು ನಿಂತಿದ್ದರೆ ಬರೀ ಸಿ. ಇಲ್ಲವಾದರೆ ಎ ಮತ್ತು ಬಿ ಫ್ಲಾಟ್ ಪಕ್ಕಪಕ್ಕ ಕೂತು ಕಚ್ಚಾಡುತ್ತವೆ. ಚರಣದ ನಡುವೆ ಸಾಲು ಸಿ ಮೇಲೆ ನಿಂತು ಎಲ್ಲರೂ ಉಸಿರು ತೆಗೆದುಕೊಳ್ಳುವ ಕಡೆಯೂ ಬರೀ ಸಿ ಒಳ್ಳೆಯದು, ಸೆವೆಂತ್ ಹಾಕಿದರೆ ಜನ ಉಸಿರು ಮುಗಿಸುವ ಮೊದಲೇ ಮುಂದಕ್ಕೆ ನೂಕಿದಂತೆ. ಕೊನೆಯ ಸಾಲಿನಲ್ಲಿ, ಅಂತಿಮ ಎಫ್‌ಗೆ ಮೊದಲ ಒಂದೆರಡು ಮಾತ್ರೆಯಲ್ಲಿ ಹಾಕಿ. ಹಳೆಯ ಪದ್ಧತಿಯ ‘ಆಮೆನ್’ ಬಿ ಫ್ಲಾಟ್‌ನಿಂದ ನೇರ ಎಫ್‌ಗೆ ಬರುವಂಥದ್ದು. ನಡುವೆ ಸಿ7 ತುರುಕಬೇಡಿ.

ಪ್ರ: ಬಿ7 ಮತ್ತು ಸಿ7 ಎಷ್ಟು ಒತ್ತಿದರೂ ಮಂಕಾಗಿ ಕೇಳುತ್ತವೆ. ಕಿರುಬೆರಳು ಬಿಟ್ಟು ಬಾರಿಸಿದರೆ ನಡೆಯುತ್ತದೆಯೇ?
— ಓದುಗರು, ಅಂಕೋಲಾ

ಉ: ಬಲದ ಕೊರತೆಯಲ್ಲ, ಬೆರಳಿನ ಕೋನದ್ದು. ಬಿ7 (×-2-1-2-0-2) ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟಿ. ಸಾಮಾನ್ಯವಾಗಿ ಸಾಯುವುದು 2ನೇ ತಂತಿ. 3ನೇ ತಂತಿಯ ಮೇಲಿರುವ ಉಂಗುರಬೆರಳು ವಾಲಿ ಅದಕ್ಕೆ ತಗಲಿರುತ್ತದೆ. ಹೆಬ್ಬೆರಳನ್ನು ಕತ್ತಿನ ಹಿಂಬದಿಯ ಮಧ್ಯಕ್ಕೆ, ನಡುಬೆರಳಿನ ನೇರಕ್ಕೆ ತನ್ನಿ. ಮಣಿಕಟ್ಟನ್ನು ಸ್ವಲ್ಪ ಮುಂದೆ ಮಾಡಿ. ಬೆರಳಿನ ತುದಿಯಷ್ಟೇ ತಂತಿ ಮುಟ್ಟಲಿ. ಎಡಗೈ ಉಗುರು ಬೆಳೆದಿದ್ದರೆ ಇದು ಸಾಧ್ಯವೇ ಇಲ್ಲ.

ಕಿರುಬೆರಳು ಬಿಟ್ಟರೆ 1ನೇ ತಂತಿಯ ಖಾಲಿ ಇ ಕೇಳುತ್ತದೆ. ಅದು ಬಿಯ ಶುದ್ಧ ಮಧ್ಯಮ, ಕಾರ್ಡ್‌ನ ಸ್ವರವಲ್ಲ. ಬಿಡುವುದಾದರೆ 1ನೇ ತಂತಿಯನ್ನೂ ಮೀಟಬೇಡಿ: ×-2-1-2-0-×. ಪಂಚಮ ಹೋಯಿತು, ಮುಖ್ಯವಾದ ಗಾಂಧಾರ-ನಿಷಾದ ಉಳಿದವು, ಕೆಲಸ ನಡೆಯುತ್ತದೆ. ಇ ಕಾರ್ಡ್‌ನಿಂದ ಬಿ7ಗೆ ಹೋಗುವಾಗ 5ನೇ ತಂತಿಯ 2ನೇ ಫ್ರೆಟ್‌ನ ನಡುಬೆರಳು ಎತ್ತಲೇಬೇಡಿ, ಎರಡರಲ್ಲೂ ಅದು ಅಲ್ಲೇ ಇದೆ. ಅದೇ ಬೆರಳಿನ ತುದಿ 6ನೇ ತಂತಿಗೆ ಚೂರು ತಗಲಿದರೆ ಬೇಡದ ದಪ್ಪ ಇ ಕೂಡ ನಿಲ್ಲುತ್ತದೆ.

ಸಿ7 (×-3-2-3-1-0) ಎಂದರೆ ಸಿ ಕಾರ್ಡ್‌ನ ಮೇಲೆ 3ನೇ ತಂತಿಯ 3ನೇ ಫ್ರೆಟ್‌ಗೆ ಕಿರುಬೆರಳು, ಅಷ್ಟೆ. ಇಲ್ಲಿ ಮಾತ್ರ ಕಿರುಬೆರಳು ಬಿಡುವಂತೆಯೇ ಇಲ್ಲ, ಅದೇ ಸೆವೆಂತ್. ಅಂದಹಾಗೆ ಈ ಹಿಡಿತದಲ್ಲಿ ಪಂಚಮ (ಜಿ) ಇಲ್ಲವೇ ಇಲ್ಲ, ಆದರೂ ಯಾರಿಗೂ ಕೊರತೆ ಕಾಣುವುದಿಲ್ಲ.

ಪ್ರ: ಬಾರ್ ಹಿಡಿದು ಎಫ್7 ಬಾರಿಸಿದರೆ ಎಫ್ ಥರವೇ ಕೇಳುತ್ತದೆ. ಏಕೆ?
— ಓದುಗರು, ಭಟ್ಕಳ

ಉ: 1-3-1-2-1-1ರಲ್ಲಿ ಸೆವೆಂತ್ ಇರುವುದು 4ನೇ ತಂತಿಯ 1ನೇ ಫ್ರೆಟ್‌ನಲ್ಲಿ ಮಾತ್ರ. ತೋರುಬೆರಳಿನ ಗೆಣ್ಣಿನ ಮಡಿಕೆ ಸರಿಯಾಗಿ ಆ ತಂತಿಯ ಮೇಲೆ ಬಂದರೆ ಅದು ಸತ್ತು, ಉಳಿದದ್ದು ಬರೀ ಎಫ್. ಬೆರಳನ್ನು ಎರಡು ಮೂರು ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಜರುಗಿಸಿ, ಹೆಬ್ಬೆರಳಿನ ಕಡೆಗಿನ ಗಟ್ಟಿ ಅಂಚಿನ ಮೇಲೆ ಹೊರಳಿಸಿ, ಫ್ರೆಟ್ ಸರಿಗೆಯ ಹತ್ತಿರಕ್ಕೆ ತನ್ನಿ. ಎ7 ಆಕಾರದ ಬಾರ್‌ನಲ್ಲಿ (ಬಿ ಫ್ಲಾಟ್ 7: ×-1-3-1-3-1) ಇದೇ ರೋಗ 3ನೇ ತಂತಿಗೆ, ಅಲ್ಲಿ ಉಂಗುರಬೆರಳು ತಗಲಿ ಕೊಲ್ಲುತ್ತದೆ.

ಕೈ ಬಲವಾಗುವ ತನಕ ×-×-1-2-1-1 ಸಾಕು. ನಾಲ್ಕೇ ತಂತಿ, ಆದರೆ ಎಫ್7ರ ನಾಲ್ಕೂ ಸ್ವರ ಅದರಲ್ಲಿವೆ. ಇದೇ ಆಕಾರ 3ನೇ ಫ್ರೆಟ್‌ನಿಂದ ಜಿ7, 5ರಿಂದ ಎ7, 7ರಿಂದ ಬಿ7.

ಪ್ರ: ಸಿ ಶ್ರುತಿಯ ಹಾಡಿನಲ್ಲಿ ಎ7, ಡಿ7 ಬರುತ್ತವೆ. ಅವುಗಳಲ್ಲಿ ಸಿ ಮೇಜರ್‌ಗೆ ಸೇರದ ಸ್ವರಗಳಿವೆಯಲ್ಲ?
— ಶಾಲಾ ಶಿಕ್ಷಕರು, ಸಿದ್ದಾಪುರ

ಉ: ಇವೆ, ಬೇಕೆಂದೇ ತಂದದ್ದು. ಎ7 ಡಿಗೆ ಎಳೆಯುತ್ತದೆ, ಡಿ7 ಜಿಗೆ, ಜಿ7 ಸಿಗೆ. ಪ್ರತಿ ಕಾರ್ಡ್ ಮುಂದಿನದಕ್ಕೆ ತಾನೇ ಡಾಮಿನೆಂಟ್ ಆಗಿ ಸರಪಳಿ ಕಟ್ಟುತ್ತದೆ. ಒಳಗಿನ ನಡೆ ಕೇಳಲು ಎರಡೇ ತಂತಿ ಸಾಕು. 4ನೆಯದರ 5ನೇ ಫ್ರೆಟ್ ಮತ್ತು 3ನೆಯದರ 6ನೇ ಫ್ರೆಟ್ ಒಟ್ಟಿಗೆ ಮೀಟಿ. ಇದು ಎ7ರ ನಿಷಾದ ಮತ್ತು ಗಾಂಧಾರ. ಎರಡನ್ನೂ ಒಂದು ಫ್ರೆಟ್ ಕೆಳಗಿಳಿಸಿ (4 ಮತ್ತು 5), ಡಿ7. ಮತ್ತೊಂದು (3 ಮತ್ತು 4), ಜಿ7. ಆಮೇಲೆ ಸಿ ಕಾರ್ಡ್ ಬಾರಿಸಿ. ಒಂದರ ಗಾಂಧಾರ ಅರ್ಧ ಸ್ವರ ಜಾರಿ ಮುಂದಿನದರ ನಿಷಾದವಾಗುತ್ತದೆ, ನಿಷಾದ ಜಾರಿ ಗಾಂಧಾರವಾಗುತ್ತದೆ. ಶಾಲೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರು ಎ, ಡಿ, ಜಿ, ಸಿ ಎಂದು ಮಂದ್ರದಲ್ಲಿ ಮೀಟಲಿ, ಇನ್ನೊಬ್ಬರು ಈ ಜೋಡಿಯನ್ನು ಜಾರಿಸಲಿ. ಹಲಗೆಯ ಮೇಲೆ ಬರೆದು ವಿವರಿಸುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಪ್ರ: ಬ್ಲೂಸ್‌ನಲ್ಲಿ ಮೊದಲಿಂದ ಕೊನೆವರೆಗೆ ಎಲ್ಲವೂ ಸೆವೆಂತ್. ಹಾಗಾದರೆ ಮನೆ ಎಲ್ಲಿ?
— ಓದುಗರು, ದಾಂಡೇಲಿ

ಉ: ಅಲ್ಲಿ ಸೆವೆಂತ್ ಒಂದು ಬಣ್ಣ, ಮನೆಯ ಕಾರ್ಡ್‌ಗೂ ಬಳಿದಿರುತ್ತಾರೆ. ಮನೆ ಯಾವುದೆಂದು ಹೇಳುವುದು ಕಾರ್ಡ್‌ನ ಬಗೆಯಲ್ಲ, 12 ಬಾರ್‌ಗಳ (ಇಲ್ಲಿ ಬಾರ್ ಎಂದರೆ ನಾಲ್ಕು ಮಾತ್ರೆಯ ಒಂದು ಭಾಗ) ಆವರ್ತನ. ಎ7 ನಾಲ್ಕು ಬಾರ್, ಡಿ7 ಎರಡು, ಎ7 ಎರಡು, ಇ7 ಒಂದು, ಡಿ7 ಒಂದು, ಎ7 ಒಂದು, ಕೊನೆಗೆ ಇ7 ಒಂದು, ಮತ್ತೆ ಮೊದಲಿನಿಂದ. ಹಾಡು ಮುಗಿಸುವಾಗ ಕೊನೆಯ ಇ7 ಬಿಟ್ಟು ಎ7ರಲ್ಲೇ ನಿಲ್ಲಿ.

ಪ್ರ: ಟ್ಯೂನರ್‌ನಲ್ಲಿ ಆರೂ ತಂತಿ ಸರಿ ತೋರಿಸುತ್ತದೆ. ಆದರೂ ಇ7, ಡಿ7 ಅಪಸ್ವರ. ಮಳೆಗಾಲದಲ್ಲಿ ಇನ್ನೂ ಹೆಚ್ಚು.
— ಓದುಗರು, ಹೊನ್ನಾವರ

ಉ: ಈ ಎರಡರಲ್ಲೂ 1ನೇ ಫ್ರೆಟ್ ಒತ್ತುವ ಬೆರಳಿದೆ, ಅಲ್ಲಿಂದ ಹುಡುಕಿ. ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚುಗಳು ಎತ್ತರವಿದ್ದರೆ 1ನೇ ಫ್ರೆಟ್‌ಗೆ ಒತ್ತುವಾಗ ತಂತಿ ಹೆಚ್ಚು ಹಿಗ್ಗಿ ಸ್ವರ ಏರುತ್ತದೆ. ಪರೀಕ್ಷೆ ಸುಲಭ: ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು 1ನೇ ಫ್ರೆಟ್‌ನ ಮೇಲೆ ಎಷ್ಟು ಜಾಗವಿದೆ ನೋಡಿ. ಒಂದು ಹಾಳೆ ತೂರುವಷ್ಟು ಇರಬೇಕು. ದಪ್ಪ ರಟ್ಟು ತೂರಿದರೆ ನಟ್ ಅರೆಯಿಸಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ. ಕಚ್ಚು ಒಂದು ಗೀರು ಹೆಚ್ಚು ಇಳಿದರೂ ತಂತಿ ಝರಝರ ಎನ್ನುತ್ತದೆ, ಆಗ ಹೊಸ ನಟ್ಟೇ ಗತಿ.

ಎರಡನೆಯ ಕಾರಣ ಕಿವಿಯದ್ದು. ಗಿಟಾರ್‌ನ ಗಾಂಧಾರ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಒಂದು ಫ್ರೆಟ್ ಎಂದರೆ 100 ಸೆಂಟ್. ಇ7ರಲ್ಲಿ ಅದು 3ನೇ ತಂತಿಯ 1ನೇ ಫ್ರೆಟ್. ಇ7 ಸಿಹಿಯಾಗಲೆಂದು ಆ ತಂತಿಯನ್ನು ಇಳಿಸಿದರೆ ಜಿ ಕಾರ್ಡ್ ಕೆಡುತ್ತದೆ. ಟ್ಯೂನರ್ ಹೇಳಿದಲ್ಲೇ ಬಿಡಿ.

ಮಳೆಗಾಲದ್ದು ಮರದ ಕಥೆ. ತೇವ ಹೀರಿದ ಮುಂಬದಿ ಹಲಗೆ ಉಬ್ಬಿ ಸೇತುವೆಯನ್ನು (ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಬ್ರಿಡ್ಜ್) ಎತ್ತುತ್ತದೆ, ತಂತಿ ಮೇಲೇರುತ್ತದೆ, ಒತ್ತಲು ಹೆಚ್ಚು ಬಲ ಬೇಕಾಗುತ್ತದೆ, ಆ ಬಲ ಸ್ವರವನ್ನೂ ಏರಿಸುತ್ತದೆ. 12ನೇ ಫ್ರೆಟ್‌ನ ಮೇಲೆ ದಪ್ಪ ತಂತಿಗೆ 2.5 ಮಿಲಿಮೀಟರ್, ತೆಳು ತಂತಿಗೆ 2 ಮಿಲಿಮೀಟರ್ ಆಸುಪಾಸು ಇರಲಿ. 3 ದಾಟಿದರೆ ಬಾರ್ ಕಾರ್ಡ್ ಕೈಗೆ ಶಿಕ್ಷೆ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿ ಟ್ಯೂನ್ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಸುಳ್ಳು ಹೇಳುತ್ತದೆ, ಅದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಬಾರಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೋಡೆಗೆ ಒರಗಿಸಿ ಇಡಬೇಡಿ. ಚೀಲಗಳು ತೇವ ಕುಡಿದ ಮೇಲೆ ಒಣಗಿಸದೆ ಹಾಗೇ ಬಿಟ್ಟರೆ ಪೆಟ್ಟಿಗೆಯೊಳಗೆ ಅವು ಇದ್ದೂ ಇಲ್ಲದಂತೆ.